ಲಕ್ಕವ್ವನ ಉಡಿ

ಮೊದಲು ನನ್ನ ಮೂರ್ಖತನವನ್ನು ನಾನೇ ಹೇಳಿಬಿಡುತ್ತೇನೆ. ನಾನು ಬಿಟ್ಟರೂ ಹತ್ತರಗಿಯ ಜನ ಬಿಡುವವರಲ್ಲ. ಹರಗೋಲ ಲಕ್ಕವ್ವನ ವೇಷ ಹಾಕಿ, ಹಸಿರು ಇಳಕಲ್ ಸೀರೆ ಉಟ್ಟು, ಇನ್ನೇನು ಹೊಳೆಗೆ ಹೋಗಿ ಸಾಯಬೇಕೆಂದು ರಂಗದ ಅಟ್ಟದ ಮೇಲೆ ನಿಂತಿದ್ದೆ. ಹೆಂಗಸರ ಸಾಲಿನಿಂದ ಒಬ್ಬಾಕೆ ನನ್ನ ಉಡಿ ತುಂಬಲು ತೆಂಗಿನಕಾಯಿ ಹಿಡಿದು ಎದ್ದು ಬಂದಳು. ಎಡಗೈಯನ್ನು ಸೊಂಟಕ್ಕೆ ಒತ್ತಿಕೊಂಡು, ಅರ್ಧ ನಡೆಯುತ್ತ ಅರ್ಧ ಓಡುತ್ತ, ಥೇಟ್ ಬಾತುಕೋಳಿಯ ಹಾಗೆ. ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಆಕೆ ಅಟ್ಟದ ಮೆಟ್ಟಿಲು ಮುಟ್ಟುವ ಮೊದಲೇ ನಾನೂ ಎಡಗೈ ಸೊಂಟಕ್ಕೆ ಒತ್ತಿಕೊಂಡು, ಅದೇ ನಡಿಗೆಯಲ್ಲಿ ಆಕೆಗೆ ಎದುರಾಗಿ ಹೋದೆ. ಜನ ಬಿದ್ದು ಬಿದ್ದು ನಕ್ಕರು. ಆಕೆ ನಿಂತಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕಾಯಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ತಿರುಗಿ ಹೋಗಿ ತನ್ನ ಜಾಗದಲ್ಲಿ ಕುಳಿತಳು. ಲಕ್ಕವ್ವ ಅವತ್ತು ಸಾಯಲಿಲ್ಲ. ಸಾಯಬೇಕಾಗಿದ್ದವನು ನಾನು, ಆದರೆ ನಾನು ಇನ್ನೂ ನಗುತ್ತಿದ್ದೆ.

ಇದೆಲ್ಲ ಮತ್ತೆ ನೆನಪಾದದ್ದು ಮೊನ್ನೆ, ಗೋಕಾಕದಲ್ಲಿ ಗೊಂಬೆ ಮಾಡುವ ಈರಪ್ಪ ಕಾಕಾನ ಪಡಸಾಲೆಯಲ್ಲಿ. ಹುಣಸೆಬೀಜದ ಅಂಟು ಒಲೆಯ ಮೇಲೆ ಕುದಿಯುತ್ತಿತ್ತು. ಹುಳಿಯೂ ಅಲ್ಲದ, ಸುಟ್ಟದ್ದೂ ಅಲ್ಲದ ಆ ವಾಸನೆ ಮೂಗಿಗೆ ಹತ್ತಿದರೆ ನನಗೆ ಆ ಕಬ್ಬಿನ ಹಂಗಾಮೇ ಎದುರು ಬಂದು ನಿಲ್ಲುತ್ತದೆ. ಗೂಡಿನಲ್ಲಿ ಹೊಸ ಲಕ್ಕವ್ವಂದಿರು ಬಣ್ಣ ಒಣಗಲೆಂದು ಸಾಲಾಗಿ ನಿಂತಿದ್ದರು. ಹಿಂದೆಲ್ಲ ಈ ಗೊಂಬೆಯ ಎಡಗೈ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿತ್ತು. ಈಗ ಆ ಕೈ ಸೊಂಟದ ಮೇಲೆ ಇದೆ. ಅಷ್ಟು ವರ್ಷ ಕಣ್ಣ ಹತ್ತಿರ ಇದ್ದ ಕೈ ಸೊಂಟಕ್ಕೆ ಇಳಿದದ್ದರಲ್ಲಿ ನನ್ನದೊಂದು ಪಾಲಿದೆ. ಹೆಮ್ಮೆ ಪಡುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ಆದರೂ ಪಡುತ್ತೇನೆ.

ನಮ್ಮ ಕಡೆಯವರಿಗೆ ಲಕ್ಕವ್ವ ಯಾರೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಘಟಪ್ರಭೆಯ ದಂಡೆಯಲ್ಲಿ ಹರಗೋಲು ನಡೆಸುವವನ ಹೆಂಡತಿ ಆಕೆ. ಗಂಡ ಊರಲ್ಲಿ ಇಲ್ಲದಾಗ, ತುಂಬಿದ ಹೊಳೆಯಲ್ಲಿ, ಕಾಯಿಲೆಯ ಕೂಸನ್ನು ಎತ್ತಿಕೊಂಡು ಬಂದ ಗುರುತಿಲ್ಲದ ಗಂಡಸೊಬ್ಬನನ್ನು ಆಚೆ ದಡಕ್ಕೆ ಮುಟ್ಟಿಸಿ ಬರುತ್ತಾಳೆ. ಕೂಸು ಬದುಕುತ್ತದೆ, ಲಕ್ಕವ್ವನ ಹೆಸರು ಕೆಡುತ್ತದೆ. ಗಂಡನ ಮನೆಯವರು, ನೀನು ಖರೆ ಇದ್ದರೆ ಹುಟ್ಟುಗೋಲು ಇಲ್ಲದೆ ಅದೇ ಹೊಳೆ ದಾಟಿ ತೋರಿಸು ಅನ್ನುತ್ತಾರೆ. ನಸುಕಿನಲ್ಲಿ, ತನ್ನ ಕೂಸು ತೊಟ್ಟಿಲಲ್ಲಿ ಮಲಗಿರುವಾಗಲೇ, ಆಕೆ ಮನೆ ಬಿಟ್ಟು ಹೊರಡುತ್ತಾಳೆ. ಹರಗೋಲು ದಡಕ್ಕೆ ಹತ್ತುತ್ತದೆ, ಆದರೆ ಖಾಲಿ.

ಇಷ್ಟೇ ಆಟ. ಆದರೆ ಈ ಇಷ್ಟನ್ನು ನಮ್ಮವರು ಎಷ್ಟು ಥರ ಮಾಡಿಕೊಂಡಿದ್ದಾರೆ! ಹತ್ತರಗಿಯ ಹೆದ್ದಾರಿಯಲ್ಲಿ ಲಾರಿಗಳಿಗೆ ಚಿತ್ರ ಬರೆಯುವ ಪೇಂಟರ್ ಒಬ್ಬ ಹಿಂದಿನ ಹಲಗೆಯ ಮೇಲೆ ಲಕ್ಕವ್ವನನ್ನು ಬರೆಯುತ್ತಾನೆ. ಕಣ್ಣೀರಿನ ಒಂದೊಂದು ಹನಿ ನಿಂಬೆಹಣ್ಣಿನಷ್ಟು, ಹಿಂದೆ ಬರುವ ಗಾಡಿಯವನಿಗೆ ಕಾಣಬೇಕಲ್ಲ. ಮೂಡಲಗಿ ಕಡೆಯ ಕಬ್ಬಿನ ಟ್ರ್ಯಾಕ್ಟರುಗಳಲ್ಲಿ ಆಕೆಯ ಹಾಡಿಗೆ ಡೋಲು ಬಡಿಸಿ, ಸಾಯಲು ಹೊರಟ ಹೆಣ್ಣುಮಗಳನ್ನು ಕುಣಿಸುತ್ತಾರೆ. ಈರಪ್ಪ ಕಾಕಾನ ಗೊಂಬೆಯಲ್ಲಿ ಆಕೆ ಕಣ್ಣು ಒರೆಸಿಕೊಳ್ಳುತ್ತಲೇ ನಗುತ್ತಿದ್ದಳು. ಯಾಕೆಂದು ಕೇಳಿದರೆ ಕಾಕಾ ಹೇಳುತ್ತಿದ್ದ: "ನನ್ನ ಕುಂಚಕ್ಕ ಅಳೂ ತುಟಿ ಬರೂದಿಲ್ಲ ತಮ್ಮಾ. ಬಂದ್ರೂ ಅಳೂ ಗೊಂಬಿ ಹಬ್ಬಕ್ಕ ಯಾರ ಕೊಳ್ತಾರು?"

ಮತ್ತು ಎಲ್ಲರ ಮೇಲೆ ರುಕ್ಮಾಬಾಯಿ.

ಕುಲಗೋಡದ ರುಕ್ಮಾಬಾಯಿ ಲಕ್ಕವ್ವನ ಪಾತ್ರ ಮಾಡಿದರೆ, ಹೊಳೆ ಕಾಣದ ಊರಿನವರೂ ಕಾಲು ಒದ್ದೆಯಾಯಿತೆಂದು ಸೀರೆ ಎತ್ತಿಕೊಳ್ಳುತ್ತಿದ್ದರಂತೆ. ಆಕೆಯ ಹಾಡಿನ ಕ್ಯಾಸೆಟ್ ಇತ್ತು. ಕ್ಯಾಸೆಟ್ಟು ಹೋಗಿ ಸಿಡಿ, ಸಿಡಿ ಹೋಗಿ ಮೊಬೈಲು ಬಂದರೂ ದನಿ ಅದೇ. ಆಕೆ ಹುಡುಗಿಯಾಗಿದ್ದಾಗ ಹೆಣ್ಣಿನ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಹೆಂಗಸು ಅಟ್ಟ ಹತ್ತಬಾರದೆಂದು ಮೇಳದ ಹಿರಿಯರು ಅಡ್ಡ ನಿಂತರಂತೆ. ಅಡ್ಡ ನಿಂತವರಲ್ಲಿ ಮುಖ್ಯರು ಈಗಿನ ಪೆಟ್ಟಿಗೆ ಮಾಸ್ತರರ ತಂದೆ. ಪೆಟ್ಟಿಗೆ ಅಂದರೆ ಹಾರ್ಮೋನಿಯಂ. ಮಾಸ್ತರರ ಹೆಸರು ಸಿದ್ರಾಮಪ್ಪ. ಆ ಮಾತು ಮುಂದೆ ಬರುತ್ತದೆ.

ನಾನು ಮಲ್ಲೇಶಿ. ಮನೆಯಲ್ಲಿ, ಊರಲ್ಲಿ, ಸಾಲ ಕೊಟ್ಟವರ ಬಾಯಲ್ಲಿ ಮಲ್ಯಾ. ಘಟಪ್ರಭಾ ಸ್ಟೇಷನ್ನಿನ ಹೊರಗೆ ಮೊಬೈಲ್ ಕವರ್ ಮಾರುತ್ತೇನೆ. ಕವರ್ ಕೊಳ್ಳುವವರಿಗಿಂತ ನನ್ನ ದನಿ ಕೇಳಲು ನಿಲ್ಲುವವರೇ ಜಾಸ್ತಿ. ರೈಲು ಬರುವುದನ್ನು ಹೇಳುವ ಹೆಂಗಸಿನ ದನಿ ಮಾಡಿ ಚಹಾ ಕುಡಿಯುತ್ತಿದ್ದವರನ್ನು ಓಡಿಸಿದ್ದೇನೆ. ಕಂಡಕ್ಟರ್, ಡಾಕ್ಟರ್, ನಮ್ಮ ಮಾವ, ಮಾವನ ಎಮ್ಮೆ, ಯಾರನ್ನೂ ಬಿಟ್ಟಿಲ್ಲ. ನನ್ನದೇ ದನಿ ಯಾವುದೆಂದು ಮಾತ್ರ ನಮ್ಮವ್ವನಿಗೂ ಖಾತ್ರಿ ಇಲ್ಲ, ಫೋನ್ ಮಾಡಿದರೆ "ಯಾರ್ರಿ?" ಅನ್ನುತ್ತಾಳೆ.

ಆ ವರ್ಷ ರುಕ್ಮಾಬಾಯಿಯ ಗಂಟಲು ಹೋಯಿತು. ಆಪರೇಷನ್ ಆದ ಮೇಲೆ ಆಕೆಯ ದನಿ ಒಣಗಿದ ಕಬ್ಬಿನೆಲೆಯ ರವದಿಯ ಮೇಲೆ ನಡೆದ ಹಾಗೆ ಬರುತ್ತಿತ್ತು. ತಂಗಿಯ ಮೊಮ್ಮಗಳಿಗೆ ಕಂಠ ಇತ್ತು, ಆದರೆ ಆಸ್ಪತ್ರೆಯ ನರ್ಸ್ ಕೆಲಸದಲ್ಲಿ ರಜೆ ಇರಲಿಲ್ಲ. ಒಂದು ದಿನ ರುಕ್ಮಾಬಾಯಿ ಗಂಟಲು ತೋರಿಸಿಕೊಂಡು ಬಸ್ಸಿಗೆ ಕಾಯುತ್ತ ನನ್ನ ಅಂಗಡಿಯ ಮುಂದೆ ಕುಳಿತಿದ್ದಳು. ನನಗೆ ಗುರುತು ಹತ್ತಿರಲಿಲ್ಲ. ಗಿರಾಕಿಗಳ ಮುಂದೆ ರುಕ್ಮಾಬಾಯಿಯ ಕ್ಯಾಸೆಟ್ಟಿನ ದನಿ ತೆಗೆದು ಹಾಡಿದೆ, ಟೇಪು ಸುರುಳಿ ಸಿಕ್ಕಿದಾಗ ದನಿ ಜಗ್ಗುವುದನ್ನೂ ಸೇರಿಸಿ.

"ಏ ಹುಡುಗಾ," ಎಂದಳು. "ಆ ಹಾಡ ಮತ್ತೊಮ್ಮೆ ಹಾಡು. ಟೇಪು ಸಿಗಬಾರ್ದು."

"ನೀವ್ಯಾರ್ರಿ ಆಯಿ?"

"ನೀ ಈಗ ಯಾರ ದನಿ ಕದ್ದೆಲ್ಲಾ, ಅದರ ಮಾಲಕಿ."

ಹೀಗೆ ನಾನು ಲಕ್ಕವ್ವನಾದೆ. ಹಂಗಾಮಿಗೆ ಮೂರು ಆಟ ಒಪ್ಪಿಕೊಂಡಿದ್ದರು: ಗೌರಿ ಹುಣ್ಣಿಮೆಗೆ ಕುಲಗೋಡ, ಎಳ್ಳ ಅಮಾಸಿಗೆ ಹತ್ತರಗಿ, ಭಾರತ ಹುಣ್ಣಿಮೆಗೆ ಗೋಕಾಕ. ಈಗ ಇಡೀ ರಾತ್ರಿ ಯಾರೂ ಕೂರುವುದಿಲ್ಲ. ಸಂಜೆ ಸುರು, ಊಟದ ಹೊತ್ತಿಗೆ ಮಂಗಳ. ಮೊದಲ ತಾಲೀಮಿನಲ್ಲೇ ರುಕ್ಮಾಬಾಯಿ ಎರಡು ಮಾತು ಹೇಳಿದಳು.

"ಒಂದು, ಚಪ್ಪಾಳಿ ಕೇಳಬ್ಯಾಡ. ಉಡಿ ನೋಡು."

ಅದು ಈ ಆಟದ ಪದ್ಧತಿ. ಲಕ್ಕವ್ವ ಮನೆ ಬಿಟ್ಟು ಹೊಸ್ತಿಲಲ್ಲಿ ಬಂದು ನಿಂತಾಗ ಮೇಳ ಹಾಡು ತಡೆಯುತ್ತದೆ. ನೋಡಲು ಬಂದ ಹೆಣ್ಣುಮಕ್ಕಳು ತಾವಾಗಿಯೇ ಎದ್ದು ಬಂದು ಆಕೆಯ ಸೆರಗಿಗೆ ಅಕ್ಕಿ, ಕಾಯಿ, ಕುಬಸದ ಖಣ ಹಾಕಿ ಉಡಿ ತುಂಬಬೇಕು. ತವರಿನಿಂದಾಗಲಿ ಅತ್ತೆಮನೆಯಿಂದಾಗಲಿ ಹೆಣ್ಣನ್ನು ಬರಿ ಉಡಿಯಲ್ಲಿ ಕಳಿಸುವ ರೂಢಿ ನಮ್ಮಲ್ಲಿ ಇಲ್ಲ. ಇನ್ನು ಹೊಳೆಗೆ ಕಳಿಸುವುದು ಹೇಗೆ? ಯಾರನ್ನೂ ಕರೆಯುವ ಹಾಗಿಲ್ಲ, ಕಣ್ಣಿನಲ್ಲೂ ಕರೆಯುವ ಹಾಗಿಲ್ಲ. ಉಡಿ ತುಂಬಿದರೆ ಕೊನೆಯ ಹಾಡು ಹಾಡುತ್ತಾರೆ, ಲಕ್ಕವ್ವ ಸಾಯುತ್ತಾಳೆ. ತುಂಬದಿದ್ದರೆ ಅಲ್ಲಿಗೇ ಮಂಗಳ ಹಾಡಿ ಪರದೆ ಎಳೆಯುತ್ತಾರೆ.

"ಎರಡನೇದು, ಈ ಮೂರು ಆಟದಾಗ ಒಮ್ಮೆರ ಉಡಿ ತುಂಬಿದ್ರ ಈ ನನ್ನ ಹಸರ ಸೀರಿ ನಿಂದು. ತುಂಬಲಿಲ್ಲ ಅಂದ್ರ ಸೀರಿ ನನ್ನ ಕೂಡ ಮಣ್ಣಿಗೆ ಹೋಗ್ತೈತಿ. ಲಕ್ಕವ್ವನೂ."

ಸಿದ್ರಾಮಪ್ಪ ಮಾಸ್ತರರು ಪೆಟ್ಟಿಗೆಯ ಹಿಂದಿನಿಂದ ಮೂಗು ಸೀಟಿದರು. "ಗಂಡಸಿಗೆ ಯಾವಾಕಿ ಬಂದ ಉಡಿ ತುಂಬ್ತಾಳ್ರಿ? ಶಾಸ್ತ್ರ ಅನ್ನೂದ ಒಂದ ಐತಿಲ್ಲೋ?"

"ನಿಮ್ಮಪ್ಪ ಹೆಂಗಸು ಬ್ಯಾಡಂದ. ನೀವು ಗಂಡಸು ಬ್ಯಾಡ ಅನ್ನಾಕತ್ತೀರಿ," ಎಂದಳು ರುಕ್ಮಾಬಾಯಿ. "ನಿಮ್ಮ ಮನಿತನಕ್ಕ ಎಂಥಾ ಲಕ್ಕವ್ವ ಬೇಕೋ ನನಗಂತೂ ತಿಳೀವಲ್ದು."

ನಾನು ತಯಾರಿ ಜೋರು ಮಾಡಿದೆ. ರುಕ್ಮಾಬಾಯಿಯ ನಡಿಗೆ ಎತ್ತಿದೆ. ಕ್ಯಾಸೆಟ್ಟಿನ ದನಿ ಎತ್ತಿದೆ. ಗೋಕಾಕಕ್ಕೆ ಹೋಗಿ ಕಾಕಾನ ಗೊಂಬೆಯ ಮುಂದೆ ಕುತ್ತಿಗೆ ವಾರೆ ಮಾಡಿ ನಿಂತು ಅದರ ಓರೆ ಕಲಿತೆ. ಲಾರಿಯ ಹಿಂದೆ ನಿಂತು ಕಣ್ಣೀರು ಕಲಿತೆ. ಲಾರಿ ಬಿಟ್ಟಾಗ ಹೊಗೆಯಿಂದ ಖರೆ ಕಣ್ಣೀರೂ ಬಂತು. ಈ ಎಲ್ಲ ಲಕ್ಕವ್ವಂದಿರನ್ನು ಹೊಲಿದು ಒಂದು ಕೌದಿ ಮಾಡಿಕೊಂಡು ಕುಲಗೋಡದ ಅಟ್ಟ ಹತ್ತಿದೆ. ಚಳಿ ಆಗತಾನೆ ಬಿದ್ದಿತ್ತು. ಹುಡುಗಿಯರು ಗೌರಿಗೆ ಬೆಳಗಿದ ಸಕ್ಕರೆ ಅಚ್ಚುಗಳ ಆರತಿಯ ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡೇ ಆಟಕ್ಕೆ ಬಂದಿದ್ದರು. ಎಂಥ ಚಪ್ಪಾಳೆ! ಎಂಥ ಸೀಟಿ! "ಥೇಟ್ ರುಕ್ಮಾಬಾಯಿ ನೋಡಲೇ!" "ಲಾರಿ ಲಕ್ಕವ್ವ ನೋಡೋ!" ಎಂದು ಕೂಗಿ ಕೂಗಿ ಗುರುತು ಹಿಡಿದರು. ಹೊಸ್ತಿಲ ದೃಶ್ಯ ಬಂತು. ಮೇಳ ಹಾಡು ತಡೆಯಿತು. ನಾನು ಸೆರಗು ಹಿಡಿದು ನಿಂತೆ. ಸಕ್ಕರೆ ಆರತಿ ತಿನ್ನುವ ಕಟುಂ ಕಟುಂ ಸದ್ದು ಬಿಟ್ಟರೆ ಏನೂ ಇಲ್ಲ. ಒಬ್ಬಳೂ ಏಳಲಿಲ್ಲ. ಮಾಸ್ತರರು ಬಹಳ ಸಂತೋಷದಿಂದ ಮಂಗಳದ ಸುರ ಹಿಡಿದರು.

ಎರಡನೆಯದು ಹತ್ತರಗಿ. ಅದರ ಕಥೆ ಆಗಲೇ ಹೇಳಿದ್ದೇನೆ. ಒಬ್ಬಳು ಎದ್ದಿದ್ದಳು. ಎದ್ದ ಒಬ್ಬಳನ್ನೂ ನಾನು ಕೂರಿಸಿದೆ.

ಆ ದಿನ ಗಾಡಿಯಲ್ಲಿ ವಾಪಸ್ಸು ಬರುವಾಗ ರುಕ್ಮಾಬಾಯಿ ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೂ ಕಲಿತು ನಾಳೆ ಅಂಗಡಿಯಲ್ಲಿ ಮಾಡಿ ತೋರಿಸುತ್ತಿದ್ದೆ. ಆಕೆ ಸೀರೆಯನ್ನು ಮಡಚಿ, ಮಡಿಕೆಯ ಮೇಲೆ ಕೈಯಾಡಿಸಿ, ಟ್ರಂಕಿಗೆ ಹಾಕಿ, ಟ್ರಂಕನ್ನು ನನ್ನ ಕಡೆಯಿಂದ ತನ್ನ ಕಡೆಗೆ ಎಳೆದುಕೊಂಡಳು. ಅಷ್ಟೇ. ಬಾಯಿಂದ ಒಂದೇ ಮಾತು: "ಅಕಿ ಹೆಸರರ ಕೇಳಿದೇನ?"

ಕೇಳಿರಲಿಲ್ಲ. ಮರುದಿನ ಹೋಗಿ ಕೇಳಿದೆ. ಶಿವಕ್ಕ. ಹೆದ್ದಾರಿಯ ಬದಿಗೆ ಖಾನಾವಳಿ ನಡೆಸುತ್ತಾಳೆ. ನಾನು ಹೋದಾಗ ರೊಟ್ಟಿ ಬಡಿಯುತ್ತಿದ್ದಳು. ಲಾರಿ ಡ್ರೈವರುಗಳು ಬೆಂಚಿನ ತುಂಬ ಕುಳಿತಿದ್ದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದ ಕ್ಷಮೆಯ ಮಾತು ಆಕೆಯ ಕೈಯ ಸದ್ದಿಗೆ ಮರೆತುಹೋಯಿತು.

"ಅಕ್ಕಾರ, ನಿನ್ನೆ ನಂದು ತಪ್ಪಾತ್ರಿ…"

"ಓ, ನೀನಾ? ಸೀರಿ ಇಲ್ದ ಗುರ್ತ ಸಿಗಲಿಲ್ಲ ನೋಡವ್ವಾ." ರೊಟ್ಟಿ ಹೆಂಚಿಗೆ ಹಾಕಿದಳು. "ನಿನ್ನೆ ಊರ ಮಂದಿ ಮುಂದ ನನ್ನ ನಡಿಗಿ ತೋರ್ಸಿದಿ. ಇವತ್ತ ನನ್ನ ಗಿರಾಕಿ ಮುಂದ ತೋರ್ಸು. ನೋಡ್ರೆಪಾ ಎಲ್ಲಾರೂ, ಪುಕಟ ಆಟ ಐತಿ!"

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಎಡಗೈ ಸೊಂಟಕ್ಕೆ ಒತ್ತಿಕೊಂಡು ಬೆಂಚುಗಳ ನಡುವೆ ಬಾತುಕೋಳಿಯಾದೆ. ಡ್ರೈವರುಗಳು ರೊಟ್ಟಿ-ಜುಣಕದ ತುತ್ತು ಗಂಟಲಿಗೆ ಸಿಕ್ಕಿಸಿಕೊಂಡು ನಕ್ಕರು. ಶಿವಕ್ಕ ನಗಲಿಲ್ಲ. ಕೈಯ ಹಿಟ್ಟು ಒರೆಸಿಕೊಂಡು ಎದ್ದು ಬಂದಳು. ಸೊಂಟದಿಂದ ಬೀಗದ ಕೈಗಳ ಗೊಂಚಲು ತೆಗೆದು ನನ್ನ ಬೆಲ್ಟಿಗೆ ಸಿಕ್ಕಿಸಿದಳು. ಮನೆಯ ಕೈ, ಖಾನಾವಳಿಯ ಕೈ, ಕಪಾಟಿನ ಕೈ, ಯಾವುದೋ ಹಳೆಯ ಪೆಟ್ಟಿಗೆಯ ಕೈ. ಅರ್ಧ ಕಿಲೋ ಆದರೂ ಇತ್ತು.

"ಬರೇ ಕೈ ಇಟ್ಟರ ನನ್ನ ನಡಿಗಿ ಆಗೂದಿಲ್ಲ. ಈಗ ನಡಿ."

ನಡೆದೆ. ಹೆಜ್ಜೆಗೊಮ್ಮೆ ಗಲ್, ಗಲ್. ಉಣ್ಣುವವರೆಲ್ಲ ತುತ್ತು ಬಿಟ್ಟು ತಿರುಗಿ ನೋಡಿದರು. ನಾಚಿಕೆಗೆ ನನ್ನ ಕೈ ತಾನಾಗಿ ಹೋಗಿ ಗೊಂಚಲನ್ನು ಒತ್ತಿ ಹಿಡಿಯಿತು. ಸದ್ದು ನಿಂತಿತು. ಆದರೆ ಹಾಗೆ ಒತ್ತಿ ಹಿಡಿದರೆ ಒಂದು ಕಾಲು ಮುಂದೆ ಪೂರಾ ಬರುವುದಿಲ್ಲ, ಸೊಂಟ ಒಂದು ಕಡೆಗೆ ವಾಲುತ್ತದೆ. ಅವಸರದಲ್ಲಿದ್ದರಂತೂ ಬಾತುಕೋಳಿಯೇ.

"ನಿನ್ನೆ ಯಾಕ ಒತ್ತಿ ಹಿಡಿದಿದ್ರಿ?" ಎಂದು ಕೇಳಿದೆ.

"ಲಕ್ಕವ್ವ ಹೊಸ್ತಿಲದಾಗ ನಿಂತಿದ್ಲಲ್ಲೋ! ಊರಿಗೆ ಊರ ಉಸಿರ ಹಿಡಕೊಂಡ ಕುಂತಾಗ ನಾ ಗಲ್ ಗಲ್ ಅನಿಸ್ಕೋತ ಹೆಂಗ ಬರ್ಲಿ?" ಎಂದಳು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿತ್ತು. "ನೋಡು, ನಿನ್ನ ಸಲುವಾಗಿ ರೊಟ್ಟಿನೂ ಸೀದ ಹೋತು. ಇದನ್ನ ನೀನ ತಿನ್ನಬೇಕು."

ಸೀದ ರೊಟ್ಟಿ ತಿನ್ನುತ್ತಿರುವಾಗ ಹೊರಗೆ ಒಂದು ಟ್ರ್ಯಾಕ್ಟರ್ ಡೋಲು ಬಡಿಸಿಕೊಂಡು ಹೋಯಿತು. ಲಕ್ಕವ್ವನ ಹಾಡೇ:

"ಬೀಗದ ಕೈ ತಗೊ ಅತ್ತೆವ್ವ, ಬಾಗಿಲ ನಿನದ ಇನ್ನ,
ಹರಗೋಲ ನನದ, ಹೊಳಿ ನನದ, ಹೊತ್ತ ಮುಳುಗೂ ತನ…"

ನನ್ನ ಬಾಯಲ್ಲಿ ರೊಟ್ಟಿ ನಿಂತಿತು. ಹುಟ್ಟಿದಾಗಿನಿಂದ ಕೇಳಿದ ಹಾಡು. ಕ್ಯಾಸೆಟ್ಟಿನಲ್ಲಿ ಇದೆ, ಟ್ರ್ಯಾಕ್ಟರಿನಲ್ಲಿ ಇದೆ, ಕೂಸು ತೂಗುವವರ ಬಾಯಲ್ಲಿ ಇದೆ. ಆದರೆ ಅಟ್ಟದ ಮೇಲೆ ಬೀಗದ ಕೈ ಎಂಬುದು ಯಾವತ್ತೂ ಇರಲೇ ಇಲ್ಲ! ರುಕ್ಮಾಬಾಯಿ ಖಾಲಿ ಕೈ ಚಾಚುತ್ತಿದ್ದಳು. ಗೊಂಬೆಗೂ ಇಲ್ಲ, ಲಾರಿಯ ಹಲಗೆಗೂ ಇಲ್ಲ. ಎಲ್ಲರೂ ಆಕೆಯ ಕಣ್ಣೀರಿಗೆ ಕೈ ಹಾಕಿದ್ದರು, ಸೊಂಟದ ಕಡೆ ಯಾರೂ ನೋಡಿರಲಿಲ್ಲ. ತೊಟ್ಟಿಲಲ್ಲಿ ಕೂಸು ಮಲಗಿದೆ. ನಸುಕಿನಲ್ಲಿ ಮನೆ ಬಿಡುವ ಹೆಂಗಸು ಗೊಂಚಲು ಗಲ್ ಎನ್ನದಂತೆ ಒತ್ತಿ ಹಿಡಿಯದೆ ಇರುತ್ತಾಳೆಯೆ?

ಮನೆಗೆ ಹೋಗಿ ನಮ್ಮವ್ವನ ಬೀಗದ ಕೈಗಳ ಗೊಂಚಲು ತೆಗೆದುಕೊಂಡು ಕುಲಗೋಡಕ್ಕೆ ಓಡಿದೆ. ರುಕ್ಮಾಬಾಯಿ ಅಂಗಳದಲ್ಲಿ ಬಿಸಿಲಿಗೆ ಕುಳಿತು ಸೀತನಿ ತಿನ್ನುತ್ತಿದ್ದಳು. ಹಾಲುಗಾಳಿನ ಜೋಳ ಸುಡುವ ದಿನಗಳು ಆಗ ಸುರುವಾಗಿದ್ದವು. ನಾನು ಏನೂ ಹೇಳದೆ ಒಳಗಿನಿಂದ ಹೊಸ್ತಿಲವರೆಗೆ ನಡೆದು ತೋರಿಸಿದೆ, ಆ ಗೊಂಚಲನ್ನು ಸೊಂಟಕ್ಕೆ ಕಟ್ಟಿಕೊಂಡು. ಹೊಸ್ತಿಲಲ್ಲಿ ನಿಂತು ಗೊಂಚಲು ಬಿಚ್ಚಿ ಆಕೆಯ ಮುಂದೆ ಚಾಚಿದೆ. ಆಗ ಮೊದಲ ಸಲ ಅದು ಗಲ್ ಎಂದಿತು.

ಆಕೆ ಬಹಳ ಹೊತ್ತು ಕಾಳು ಅಗಿದಳು.

"ಅಳೂ ಎಲ್ಲಿ?"

"ತಗದೇನ್ರಿ ಆಯಿ."

"ಪೂರಾ?"

"ಪೂರಾ."

"ಅಂದ್ರ ನಾ ಇಷ್ಟ ವರ್ಷ ಅತ್ತದ್ದೆಲ್ಲ ಹೊಳಿಗೆ ಹೋತು ಅನ್ನು," ಎಂದು ರವದಿಯ ದನಿಯಲ್ಲಿ ನಕ್ಕಳು. ಎದ್ದು ಒಳಗೆ ಹೋಗಿ ಟ್ರಂಕನ್ನು ಎಳೆದುಕೊಂಡು ಬಂದಳು. "ಯಾರ ನಡಿಗಿ ಇದು?"

"ಶಿವಕ್ಕ ಅಂತ. ಹತ್ತರಗಿಯಾಕಿ."

"ಹೇಳಿ ಕದ್ದಿಯೋ, ಹೇಳದ ಕದ್ದಿಯೋ?"

ಹೇಳಿರಲಿಲ್ಲ. ಅದೇ ಸಂಜೆ ಹೋಗಿ ಹೇಳಿದೆ, ಗೋಕಾಕದ ಆಟಕ್ಕೆ ಬರಬೇಕೆಂದೂ ಕರೆದೆ. "ಖಾನಾವಳಿ ಬಿಟ್ಟ ಬರಾಕ ನಂಗ ಹುಚ್ಚ ಹಿಡದೈತೇನು?" ಎಂದಳು ಶಿವಕ್ಕ. ಬರುತ್ತೇನೆ ಅನ್ನಲಿಲ್ಲ, ಕದಿಯಬೇಡ ಅಂತಲೂ ಅನ್ನಲಿಲ್ಲ.

ಭಾರತ ಹುಣ್ಣಿಮೆಯ ಹೊತ್ತಿಗೆ ಕಬ್ಬು ಮುಕ್ಕಾಲು ಕಡಿದು ಮುಗಿದಿತ್ತು. ಹೊಲಗಳು ಬೋಳಾಗಿ ದೂರದ ಊರುಗಳ ದೀಪ ಕಾಣುತ್ತಿದ್ದವು. ಗೋಕಾಕದ ಶಾಲೆಯ ಮೈದಾನ ತುಂಬಿತ್ತು. ಈರಪ್ಪ ಕಾಕಾ ಮುಂದಿನ ಸಾಲಿನಲ್ಲಿ ಕುಳಿತಿದ್ದ. ಜನ ನನ್ನನ್ನು ನೋಡಿದ ಕೂಡಲೇ ನಗಲು ತಯಾರಾಗಿ ಬಂದಿದ್ದರು, ಅದು ನಾನೇ ದುಡಿದಿಟ್ಟ ಹೆಸರು. "ಮಲ್ಯಾ, ಎಮ್ಮಿ ದನಿ ತಗಿಯೋ!" ಎಂದು ಒಬ್ಬ ಕೂಗಿದ. ತೆಗೆಯಬೇಕೆಂದು ಗಂಟಲು ತುರಿಸಿತು. ತೆಗೆಯಲಿಲ್ಲ. ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ತ್ಯಾಗ ಇನ್ನೂ ಮಾಡಿಲ್ಲ.

ಹೊಸ್ತಿಲ ದೃಶ್ಯ. ತೊಟ್ಟಿಲ ಬದಿಗೆ ಹಾದು, ಗೊಂಚಲನ್ನು ಒತ್ತಿ ಹಿಡಿದು, ಸೊಂಟ ವಾಲಿಸಿ ನಡೆದೆ. ಎಲ್ಲೋ ಒಬ್ಬ ಹುಡುಗ ಕಿಸಕ್ಕೆಂದ. ಯಾವಳೋ ಅವನ ಬೆನ್ನಿಗೆ ಗುದ್ದಿದ ಸದ್ದು ಅಟ್ಟದವರೆಗೆ ಕೇಳಿತು. ಹೊಸ್ತಿಲಿಗೆ ಬಂದೆ. "ಬೀಗದ ಕೈ ತಗೊ ಅತ್ತೆವ್ವ" ಎಂದು ಹಾಡಿ ಗೊಂಚಲು ಚಾಚಿದೆ. ಗಲ್. ಮೇಳ ಹಾಡು ತಡೆಯಿತು.

ನಾನು ತಲೆ ತಗ್ಗಿಸಿ ಸೆರಗು ಹಿಡಿದು ನಿಂತೆ. ಯಾರೂ ಏಳುವ ಸದ್ದಿಲ್ಲ, ಬಳೆಯ ಸದ್ದಿಲ್ಲ. ಮಾಸ್ತರರ ಬೆರಳು ಮಂಗಳದ ಸುರದ ಮೇಲೆ ಹೋಗಿ ಕುಳಿತದ್ದು ಓರೆಗಣ್ಣಿಗೆ ಕಂಡಿತು. ಮುಗಿಯಿತು ಅಂದುಕೊಂಡೆ. ಸೀರೆ ಟ್ರಂಕಿಗೆ, ಲಕ್ಕವ್ವ ಮಣ್ಣಿಗೆ.

ಆಗ ನನ್ನ ಸೆರಗಿನಲ್ಲಿ ಧಪ್ಪೆಂದು ಒಂದು ತೆಂಗಿನಕಾಯಿ ಬಿತ್ತು.

ಬಂದದ್ದೇ ಗೊತ್ತಾಗಿರಲಿಲ್ಲ. ಗಲ್ ಎಂದಿರಲಿಲ್ಲ. ತಲೆ ಎತ್ತದೆಯೇ ನೋಡಿದೆ: ಸೊಂಟದ ಗೊಂಚಲನ್ನು ಒತ್ತಿ ಹಿಡಿದ, ರೊಟ್ಟಿ ಬಡಿದು ಬಡಿದು ಅಗಲವಾದ ಎಡಗೈ. ಆಕೆಯ ಹಿಂದೆ ಇನ್ನೊಬ್ಬಳು, ಆಮೇಲೆ ಮತ್ತೊಬ್ಬಳು. ಅಕ್ಕಿ, ಉತ್ತತ್ತಿ, ಅರಿಶಿಣ ಕೊಂಬು, ಖಣ. ಒಬ್ಬ ಮುದುಕಿ ತನ್ನ ಬಾಳೆಹಣ್ಣಿನಲ್ಲಿ ಅರ್ಧ ಮುರಿದು ಹಾಕಿದಳು. ಸೆರಗು ಭಾರಕ್ಕೆ ಜಗ್ಗಿತು. ಹಿಂದೆ ಮೇಳದ ನಡುವೆ ರುಕ್ಮಾಬಾಯಿ ಎದ್ದು ನಿಂತಿದ್ದಳು. ಕೊನೆಯ ಹಾಡು ಸುರುವಾದಾಗ ಆಕೆಯ ತುಟಿ ಒಂದೊಂದು ಅಕ್ಷರಕ್ಕೂ ಆಡುತ್ತಿತ್ತು, ದನಿ ಮಾತ್ರ ನಮ್ಮೆಲ್ಲರಿಂದ ಬರುತ್ತಿತ್ತು. ಆ ಹಂಗಾಮಿನಲ್ಲಿ ಲಕ್ಕವ್ವ ಮೊದಲ ಸಲ ಹೊಳೆಗೆ ಹೋದಳು. ಅಷ್ಟು ಹೆಮ್ಮೆಯಿಂದ ಯಾರೂ ಸತ್ತಿರಲಿಕ್ಕಿಲ್ಲ.

ಶಾಲೆಯ ಒಂದು ಕೋಣೆಯೇ ನಮ್ಮ ಬಣ್ಣದ ಮನೆ. ನಾನು ಪ್ಯಾಂಟು ಶರ್ಟು ಹಾಕಿಕೊಂಡು, ಮುಖದ ಅರ್ಧ ಬಣ್ಣ ಹಾಗೇ ಇಟ್ಟುಕೊಂಡು, ಕಾಯಿಯನ್ನು ಚೆಂಡಿನ ಹಾಗೆ ಮೇಲಕ್ಕೆ ಹಾರಿಸಿ ಹಿಡಿಯುತ್ತಿದ್ದೆ. ಹಸಿರು ಸೀರೆ ಮಡಚಿದ ಹಾಗೇ ರುಕ್ಮಾಬಾಯಿಯ ತೊಡೆಯ ಮೇಲಿತ್ತು. ಆಕೆ ಅದನ್ನು ನನಗೆ ಕೊಡಲು ಕೈ ಎತ್ತುವಷ್ಟರಲ್ಲಿ ಸಿದ್ರಾಮಪ್ಪ ಮಾಸ್ತರರು ಕೆಮ್ಮಿದರು.

"ಆಟ ಚಲೋ ಆತು, ಇಲ್ಲ ಅನ್ನೂದಿಲ್ಲ. ಆದ್ರ ಈ ಉಡಿ ಲೆಕ್ಕಕ್ಕ ಹಿಡ್ಯಾಕ ಬರೂದಿಲ್ಲ. ಇಂವ ಗಂಡಸು. ಗಂಡಸಿಗೆ ತುಂಬಿದ್ದು ಉಡಿನ ಅಲ್ಲ."

ರುಕ್ಮಾಬಾಯಿಯ ಕೈ ಸೀರೆಯ ಮೇಲೆಯೇ ನಿಂತಿತು.

ಹೇಳಿ ಹೋಗಲೆಂದು ಬಂದ ಶಿವಕ್ಕ ಬಾಗಿಲಲ್ಲೇ ನಿಂತಿದ್ದಳು. ಈ ಸಲ ಗೊಂಚಲನ್ನು ಒತ್ತಿ ಹಿಡಿಯದೆ, ಗಲ್ ಗಲ್ ಎನಿಸುತ್ತಲೇ ನೆಟ್ಟಗೆ ಒಳಗೆ ಬಂದಳು. ನನ್ನ ಕೈಯಿಂದ ಕಾಯಿ ಕಸಿದುಕೊಂಡು ಹಸಿರು ಸೀರೆಯ ಮಡಿಕೆಯ ಮೇಲೆ ಇಟ್ಟಳು. ಆಮೇಲೆ ಮಾಸ್ತರರ ಕಡೆ ತಿರುಗಿದಳು.

"ನಾ ಉಡಿ ತುಂಬಿದ್ದು ಲಕ್ಕವ್ವಗ್ರಿ ಮಾಸ್ತರ. ಈ ಮಲ್ಯಾಗ ಏನರ ಬೇಕಾಗಿದ್ರ ನಮ್ಮ ಖಾನಾವಳಿಗೆ ಬರ್ಲಿ, ರೊಕ್ಕ ಕೊಟ್ಟ ಉಣ್ಲಿ."